ಕಸದ ತೆರಿಗೆ

ರಿಯೆಕಾ, ೧೯೮೨

ತ್ರಿಯೆಸ್ತೆಯಿಂದ ಅದನ್ನು ತಂದವಳು ನಾನೇ,
ಅಜ್ಜಿಯ ರಜಾಯಿಯಲ್ಲಿ ಸುತ್ತಿ,
ಮೇಲೆ ಎರಡು ಕಿಲೋ ಕಾಫಿ, ನಾಲ್ಕು ಜೀನ್ಸು.
ಸುಂಕದವನ ಮುಂದೆ ಸುಖದುಃಖ ಹೇಳಬಾರದು,
ಸುಳ್ಳು ಹೇಳಬೇಕು.
ಹೊಲಿಗೆ ಯಂತ್ರ, ಅಂದೆ.
ಅಂಚೆತ್ತಿ ಕಪ್ಪು ಬಿಳಿ ಮನೆಗಳನ್ನು ನೋಡಿದ,
ನನ್ನ ಮುಖ ನೋಡಿದ,
ಅರ್ಧ ಕಿಲೋ ಕಾಫಿ ತೆಗೆದಿಟ್ಟುಕೊಂಡು
ಚೆನ್ನಾಗಿ ಹೊಲಿಯಮ್ಮ, ಅಂದ.

ಮೊದಲ ರೆಕಾರ್ಡಿನಲ್ಲಿ ನಾನಿರಲಿಲ್ಲ.
ಎರಡು ಗಿಟಾರು, ಒಂದು ಡ್ರಮ್ಮು, ತ್ವರ್ತ್ಕೋನ ಸಿಟ್ಟು, ಅಷ್ಟೆ.
ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕನ್ನಡಕದ ಹಿಂದೆ
ಹುಡುಗರು ಅದನ್ನೇ ಗುನುಗುತ್ತಿದ್ದರಂತೆ.
ಪತ್ರಿಕೆಯವರು ಹೊಸ ಅಲೆ ಅಂದರು.
ಅಲೆ ಅಂದಮೇಲೆ ಹಿಂದೆಯೇ ಇನ್ನೊಂದು ಬರಬೇಕಲ್ಲ,
ಜಾಗ್ರೆಬ್‌ನಿಂದ ತಂತಿ ಬಂತು:
ಜೂನ್ ಒಳಗೆ ಹತ್ತು ಹಾಡು.

ಅದೇ ವಾರ ಇನ್ನೊಂದು ಕಾಗದ,
ಸೈನ್ಯದಿಂದ, ಜ್ದೆಸ್ಲಾವ್‌ಗೆ.
ಹಾಡು ಒಂದೂ ಹುಟ್ಟಿರಲಿಲ್ಲ. ಅವನು ಕೂತು
ಎರಡು ರಾತ್ರಿಯಲ್ಲಿ ಹತ್ತು ಹಾಡಿನ ಡ್ರಮ್ಮು ಬಾರಿಸಿದ,
ಮನಸ್ಸಿನಲ್ಲೇ ಎಣಿಸುತ್ತ, ತುಟಿ ಕಚ್ಚಿ,
ಇಲ್ಲಿ ಯಾರೋ ಹಾಡುತ್ತಾರೆ ಅಂತ ಮೆಲ್ಲಗೆ,
ಇಲ್ಲಿ ಯಾರೂ ಇರುವುದಿಲ್ಲ ಅಂತ ಜೋರಾಗಿ.
ಕೂಸು ಹುಟ್ಟುವ ಮೊದಲೇ ಕುಲಾವಿ.
ಬೆಳಿಗ್ಗೆ ತಲೆ ಬೋಳಿಸಿಕೊಂಡು ನಿಶ್‌ನ ರೈಲು ಹತ್ತಿದ,
ಕೋಲೆರಡನ್ನೂ ಲಿವಿಯೋನ ಕೈಗಿಟ್ಟು.

ಮೀನುಗಾರರ ಸಹಕಾರ ಸಂಘದ ನೆಲಮಾಳಿಗೆ ನಮ್ಮ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಹಳೆಯ ಬಲೆ,
ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಫ್ರಿಜ್ಜು.
ಆರಿಸುವ ಹಾಗಿಲ್ಲ. ಆರಿಸಿದರೆ
ಇಡೀ ಓಣಿಯ ಬಂಗುಡೆ ಕೊಳೆಯುತ್ತದೆ,
ಅಡುಗೆಯ ಪಿನಾ ನಮ್ಮನ್ನು ಕೊಚ್ಚುತ್ತಾಳೆ.
ಕಂಬಳಿ ಹೊದಿಸಿದೆವು. ಬೆನ್ನು ಕೊಟ್ಟು ಒರಗಿದೆವು.
ಬೈದೆವು. ಅದು ಗುಂಯ್ ಅನ್ನುತ್ತಲೇ ಇತ್ತು,
ಆರನೆಯ ದಿನ ಲಿವಿಯೋ ಸೋತು
ತನ್ನ ತಂತಿಗಳನ್ನೇ ಅದಕ್ಕೆ ಕೂಡಿಸಿದ.
ಹಾಗೆ ಸಿಕ್ಕಿತು ನಮ್ಮ ಶ್ರುತಿ.
ನಾನು ಒಂದೇ ಬೆರಳಿಟ್ಟೆ, ತೆಗೆಯಲಿಲ್ಲ.
ತ್ವರ್ತ್ಕೋ ತನ್ನ ಸಾಲುಗಳಲ್ಲಿ ಅರ್ಧ ಹೊಡೆದುಹಾಕಿದ,
ಉಳಿದದ್ದನ್ನು ಹೇಳಿದ, ಹಾಡಲಿಲ್ಲ.
ನಡುವೆ ನಡುವೆ ಜ್ದೆಸ್ಲಾವ್ ಸುಮ್ಮನಾಗುತ್ತಿದ್ದ
ನಾವು ಯೋಚಿಸಿಯೇ ಇರದ ಜಾಗದಲ್ಲಿ,
ಅಲ್ಲಿ ನಾವೂ ಸುಮ್ಮನಾಗಲೇಬೇಕಾಯಿತು.

ಜಾಗ್ರೆಬ್‌ನಲ್ಲಿ ಒಂದು ಸಮಿತಿ. ನಾಲ್ಕು ಜನ, ಒಂದು ಹಸಿರು ಮೇಜು.
ಯಾವುದು ಕಸ, ಯಾವುದು ರಸ ಅಂತ ಅವರು ಹೇಳಬೇಕು;
ಕಸಕ್ಕೆ ತೆರಿಗೆ.
ಮೊದಲನೆಯದು ಸಂಸ್ಕೃತಿ ಆಗಿತ್ತು.
ಇದು ಕಸ ಆಯಿತು.
ಅಂಗಡಿಯವನು ಹೊಸ ಬೆಲೆಯ ಚೀಟಿಯನ್ನು
ತ್ವರ್ತ್ಕೋನ ಬಲಗಣ್ಣಿನ ಮೇಲೇ ಅಂಟಿಸಿದ.

ವಿಮರ್ಶೆ ಅಪ್ಪನೇ ಓದಿದ, ಬ್ರೆಡ್ಡು ಜಗಿಯುತ್ತ:
“ಅಂದು ಬೆವರು ಕೇಳುತ್ತಿತ್ತು,
ಇಂದು ಯಾವುದೋ ಹೊಲಿಗೆ ಯಂತ್ರ ಕೇಳುತ್ತಿದೆ.”
ನಕ್ಕುಬಿಟ್ಟೆ. ಚಹಾ ಮೂಗಿಗೇರಿತು.
ಆ ಸುಂಕದವನೇ ಬರೆದಿರಬೇಕು, ಅಂದೆ.
ಅಪ್ಪನಿಗೆ ಅರ್ಥವಾಗಲಿಲ್ಲ.
ನಿನ್ನ ಹೆಸರು ತಪ್ಪಾಗಿ ಅಚ್ಚಾಗಿದೆ, ಅಷ್ಟೇ ಹೇಳಿದ.

ಪುಲಾದಲ್ಲಿ ಸಾವಿರ ಜನ ಸಿಳ್ಳೆ ಹಾಕಿದರು,
ಹಳೇದು! ಹಳೇದು!
ನಮಗೆ ಇಪ್ಪತ್ತೆರಡು.
ಕೊಟ್ಟೆವು. ಮಷೀನಿನ ಹಿಂದೆ
ನನಗೆ ಮಾಡಲು ಏನೂ ಇರಲಿಲ್ಲ,
ಕೈ ಕಟ್ಟಿ ನಿಂತೆ, ಫೋಟೋದಲ್ಲಿ
ಯಾರದೋ ನೆಂಟರ ಹಾಗೆ.

ಕಂಪನಿಯವರು ವಾಪಸ್ ಕಳಿಸಿದ ಪೆಟ್ಟಿಗೆಗಳನ್ನು
ಅದೇ ನೆಲಮಾಳಿಗೆಯಲ್ಲಿ ಪೇರಿಸಿದೆವು, ಬೂರಾ ಗಾಳಿ
ಬಾಗಿಲನ್ನು ಮೂರು ದಿನ ಬಡಿಯಿತು.
ಪಿನಾ ಒಂದನ್ನು ಬಿಚ್ಚಿ, ಮೀನಿನ ಕೈ ಮಡಿಲಿಗೆ ಒರೆಸಿ,
ಇದೇನಾ ನೀವು ಮಾಡಿದ್ದು, ಹಾಕು, ಅಂದಳು.
ಎರಡನೇ ಮಗ್ಗುಲು ಪೂರ್ತಿ ಕೂತು ಕೇಳಿದಳು.
ಕೊನೆಯ ಹಾಡು ನಿಂತು, ಮುಳ್ಳು ಇನ್ನೂ ಏಳದೆ,
ಆ ಒಂದು ನಿಮಿಷ ಬರೀ ಗುಂಯ್.
ತಲೆಯೆತ್ತಿದಳು.

ಬಾಗಿಲು ಸರಿಯಾಗಿ ಹಾಕಿರಲಿಲ್ಲ ನೀವು,
ಅಂದಳು. ಸರಿಯಾಗಿ ಹಾಕಿದ್ದರೆ
ಅದು ಇಷ್ಟು ಅಳುವುದಿಲ್ಲ.